ರಂಪಣಿಯಲ್ಲಿ ಪಾಲಾದ ವಿಮಾನದ ಟ್ಯಾಂಕು

ಯುದ್ಧ ಇಲ್ಲದಾಗ ಯುದ್ಧವಿಮಾನಕ್ಕೆ ಎಂತ ಕೆಲಸ ಎಂದು ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುವವರಿದ್ದರು. ಶಿರ್ವದ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿಸಿ ಅಂಗಳಕ್ಕೆ ಬಂದರೆ ಸಾಕು, ನನ್ನ ಸೋದರಮಾವ ಈ ಪ್ರಶ್ನೆಯನ್ನು ಹಿಡಿದೇ ನಿಂತಿರುತ್ತಿದ್ದ. ಅವನ ಪ್ರಕಾರ ನಾವು ವಿಮಾನಗಳನ್ನು ಶೆಡ್ಡಿನಲ್ಲಿ ಕಟ್ಟಿಹಾಕಿ, ಬಟ್ಟೆಯಲ್ಲಿ ಒರೆಸಿ, ಮಧ್ಯಾಹ್ನ ನಿದ್ದೆ ಹೊಡೆಯುವವರು. ದಿನಾ ಹಾರುತ್ತವೆ ಎಂದು ನಾನು ಹೇಳುತ್ತಿದ್ದೆ. ಹಾರದೆ ಬಿಟ್ಟರೆ ವಿಮಾನವೂ ಕೆಡುತ್ತದೆ, ಹಾರಿಸುವವನೂ ಕೆಡುತ್ತಾನೆ. ಮಾವ ನಂಬುತ್ತಿರಲಿಲ್ಲ. ಹಾಗೆ ಹಾರುವಾಗ ಒಂದು ಸಲ ನಮ್ಮ ಸಾಮಾನು ಅವನ ಮನೆಯಿಂದ ಒಂದು ಗಾವುದವೂ ಇಲ್ಲದ ಕಡೆ ಬಿತ್ತು. ಅದರ ಕಥೆ ಇದು.

ನಾನು ವಾಯುಪಡೆಯಲ್ಲಿ ಶಸ್ತ್ರ ವಿಭಾಗದ ಫಿಟ್ಟರ್. ರೆಕ್ಕೆಯ ಅಡಿಯಲ್ಲಿ ಏನೇನು ತೂಗುತ್ತದೋ ಅದೆಲ್ಲ ನನ್ನ ಸುಪರ್ದಿ. ಹಾರಾಟಕ್ಕೆ ಮೊದಲು ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಹಿಡಿದು ಅಲುಗಿಸಿ ನೋಡಬೇಕು. ನೆಲದ ಮೇಲಿರುವಾಗ ಸಿಕ್ಕಿಸಿದ ಕೆಂಪು ಪಟ್ಟಿಯ ಪಿನ್ನುಗಳನ್ನು ಕೊನೆಗೆ ಕಿತ್ತು, ಪೈಲಟ್‌ಗೆ ಕಾಣುವ ಹಾಗೆ ಎತ್ತಿ ಹಿಡಿಯಬೇಕು. ಅವನು ನೋಡಿ ತಲೆಯಾಡಿಸಿದ ಮೇಲೆಯೇ ವಿಮಾನ ಕದಲುವುದು. ಸ್ಪ್ಯಾನರುಗಳನ್ನು ತೂಗುವ ಹಲಗೆಯ ಮೇಲೆ ಪ್ರತಿಯೊಂದರ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತೇವೆ. ಸಂಜೆ ಒಂದು ಆಕಾರ ಖಾಲಿ ಉಳಿಯಿತೆಂದರೆ, ಆ ಸ್ಪ್ಯಾನರು ಸಿಗುವ ತನಕ ಯಾವ ವಿಮಾನವೂ ಏಳುವುದಿಲ್ಲ. ‘ಅಲ್ಲೇ ಎಲ್ಲೋ ಇರಬಹುದು’ ಎಂದು ಹೇಳಿದವನಿಗೆ ನಮ್ಮಲ್ಲಿ ಉಳಿಗಾಲವಿಲ್ಲ. ‘ಇರಬಹುದು’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಳೆಗಾಲ ಕಳೆದು ತಗ್ಗಿನ ಹಾರಾಟದ ಅಭ್ಯಾಸ ಶುರುವಾಗಿತ್ತು. ಘಟ್ಟದಾಚೆಯ ನಮ್ಮ ನಿಲ್ದಾಣದಿಂದ ಹೊರಟ ವಿಮಾನ ಘಟ್ಟ ಇಳಿದು, ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಗುರುತು ಹಿಡಿದು, ಕಾಪುವಿನ ದೀಪಸ್ತಂಭದ ಹತ್ತಿರ ಸಮುದ್ರದ ಮೇಲೆ ತಿರುಗಿ ವಾಪಸಾಗಬೇಕು. ಆ ದಿನ ಹಾರಿಸಿದವನು ಹೊಸ ಪೈಲಟ್, ಇನ್ನೂ ಎಳೆಯ ಮುಖ. ದೀಪಸ್ತಂಭದ ಆಚೆ ರಭಸದಿಂದ ತಿರುಗಿಸುವಾಗ ಎಡ ರೆಕ್ಕೆಯಡಿಯ ಇಂಧನ ಟ್ಯಾಂಕು ಕಳಚಿ ಸಮುದ್ರಕ್ಕೆ ಬಿತ್ತು. ಅವನು ಹೇಗೋ ಸಂಭಾಳಿಸಿ ವಿಮಾನವನ್ನು ಮನೆಗೆ ತಂದ.

ಆ ವಿಮಾನದಲ್ಲಿ ಟ್ಯಾಂಕು ಮತ್ತು ಅದನ್ನು ಹಿಡಿದಿರುವ ಉಕ್ಕಿನ ತೊಲೆ ಎರಡೂ ಒಟ್ಟಿಗೇ ಕಳಚುವ ಹಾಗೆ ಮಾಡಿದ್ದರು. ತೊಲೆಯೊಳಗೆ ಇಟ್ಟಿಗೆ ಗಾತ್ರದ ಒಂದು ಬೀಗ, ಬೀಗದೊಳಗೆ ಹೆಬ್ಬೆರಳಿನಷ್ಟು ಮದ್ದಿನ ತೋಟೆ. ಆಪತ್ತಿನಲ್ಲಿ ಪೈಲಟ್ ಗುಂಡಿ ಒತ್ತಿದರೆ ತೋಟೆ ಸಿಡಿದು ಬೀಗ ಬಿಚ್ಚುತ್ತದೆ. ತಾನು ಗುಂಡಿ ಒತ್ತಲಿಲ್ಲ ಎಂದು ಹುಡುಗ ಹೇಳಿದ. ಆದರೆ ಇಳಿದಾಗ ಆ ಗುಂಡಿಯ ಮುಚ್ಚಳ ತೆರೆದಿತ್ತು. ಎಡಗಡೆಯದು ಬಿದ್ದ ಮೇಲೆ ವಿಮಾನ ವಾಲಿತು, ಸಮತೂಕಕ್ಕೆಂದು ಬಲಗಡೆಯದನ್ನೂ ಬೀಳಿಸಲು ಮುಚ್ಚಳ ತೆರೆದೆ, ಕೆಳಗೆ ದೋಣಿಗಳು ಕಂಡವು, ಬಿಟ್ಟೆ ಎಂದು ಅವನ ವಿವರಣೆ. ವಿಚಾರಣೆಗೆ ಕೂತವರು ಮುಖಮುಖ ನೋಡಿಕೊಂಡರು. ಗಾಬರಿಯಲ್ಲಿ ಒತ್ತಿದವನೂ ಇದನ್ನೇ ಹೇಳುತ್ತಿದ್ದ.

ಅವನು ಒತ್ತಿದ್ದೇ ಹೌದಾದರೆ ಇನ್ನು ಜೀವಮಾನದಲ್ಲಿ ಯುದ್ಧವಿಮಾನದ ಹತ್ತಿರ ಬರುವ ಹಾಗಿಲ್ಲ. ಒತ್ತಿರದಿದ್ದರೆ ಬೀಗ ತಾನೇ ಬಿಚ್ಚಿಕೊಂಡಿದೆ, ಅಂಥದೇ ಬೀಗ ಉಳಿದ ವಿಮಾನಗಳಲ್ಲೂ ಇದೆ, ಮುಂದಿನ ಟ್ಯಾಂಕು ಯಾವುದಾದರೂ ಶಾಲೆಯ ಮಾಡಿನ ಮೇಲೆ ಬೀಳುತ್ತದೆ. ನಿಜ ಗೊತ್ತಾಗುವ ತನಕ ಆ ಬಗೆಯ ವಿಮಾನಗಳನ್ನೆಲ್ಲ ನಿಲ್ಲಿಸಿದರು. ನಿಜ ಇದ್ದದ್ದು ಬೀಗದ ಹೊಟ್ಟೆಯಲ್ಲಿ. ತೋಟೆ ಸಿಡಿದಿದ್ದರೆ ಒಳಗೆ ಮಸಿ ಇರುತ್ತದೆ, ಸಿಡಿಯದಿದ್ದರೆ ತೋಟೆ ಇಡಿಯಾಗಿ ಇರುತ್ತದೆ. ತುಳು ಬರುತ್ತದೆ, ಆ ಊರಿನ ಕಡೆಯವನು ಎಂದು ನನ್ನನ್ನು ಹೊರಡಿಸಿದರು. ಜೊತೆಗೆ ಒಬ್ಬ ಇಂಜಿನಿಯರಿಂಗ್ ಅಧಿಕಾರಿ. ಉತ್ತರದವರು, ಮಾತು ಕಡಿಮೆ, ಸಮುದ್ರವನ್ನು ಮೊದಲ ಸಲ ನೋಡುತ್ತಿದ್ದವರು.

ಉಡುಪಿಯ ಪ್ರವಾಸಿ ಬಂಗಲೆಯಲ್ಲಿ ಬಿಡಾರ ಹೂಡಿ ಬೆಳಿಗ್ಗೆ ಜೀಪಿನಲ್ಲಿ ಕಾಪುವಿಗೆ ಹೋಗುತ್ತಿದ್ದೆವು. ಒಂದು ದೋಣಿ ಗೊತ್ತುಮಾಡಿ, ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಕಟ್ಟಿ, ಪೈಲಟ್ ನಕ್ಷೆಯಲ್ಲಿ ತೋರಿಸಿದ ಜಾಗದ ಸುತ್ತ ತಳವನ್ನು ಕೆರೆದೆವು. ಕೆಸರು ಬಂತು, ಕಲ್ಲು ಬಂತು, ಒಮ್ಮೆ ಯಾರದೋ ಹಳೆಯ ಬಲೆ ಬಂತು. ಪೊಲೀಸಿನವರು ಮನೆಮನೆಗೆ ಹೋಗಿ ವಿಮಾನದ ಟ್ಯಾಂಕು ನೋಡಿದ್ದೀರಾ, ಬಚ್ಚಿಟ್ಟರೆ ಜೈಲು ಎಂದು ಕೇಳಿಬಂದರು. ಟ್ಯಾಂಕು ಇಲ್ಲ ಎಂದು ಇಡೀ ಊರು ಒಂದೇ ಬಾಯಲ್ಲಿ ಹೇಳಿತು. ನನ್ನ ಜೊತೆಯ ಅಧಿಕಾರಿಗಳಿಗೆ ಸಮುದ್ರದ ವಾಂತಿ ಹಿಡಿದಿತ್ತು, ನನಗೆ ಸಿಟ್ಟು. ಕೊಕ್ಕೆಗೆ ಏನೂ ಸಿಕ್ಕದ ದಿನ ನಾನು ಊಟ ಬಿಟ್ಟದ್ದೂ ಉಂಟು.

ಒಂದು ಬೆಳಿಗ್ಗೆ ದೋಣಿಗೆ ಕಾಯುತ್ತಾ ಮರಳಿನ ಮೇಲೆ ನಡೆಯುತ್ತಿದ್ದೆ. ಒಂದು ಮನೆಯ ಹಿತ್ತಲಲ್ಲಿ ಕೋಳಿಗೂಡು. ಅದರ ಬಾಗಿಲು ಬೂದುಬಣ್ಣದ ತಗಡಿನದು, ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಇಲ್ಲಿ ಹಿಡಿದು ಎತ್ತಬಾರದು’ ಎಂದಿತ್ತು. ಆ ಅಕ್ಷರಗಳಿಗೆ ನಾನೇ ಎಷ್ಟೋ ಸಲ ಬಣ್ಣ ಬಳಿದಿದ್ದೇನೆ. ಒಳಗೆ ಒಂದು ಹೇಂಟೆ ನನ್ನನ್ನೇ ನೋಡುತ್ತಾ ಕೂತಿತ್ತು.

ಮನೆ ಅಲ್ಲಿನ ಮೊಗವೀರ ಮೀನುಗಾರರ ಗುರಿಕಾರರದು. ಊರಿನ ಹಿರಿಯರು, ರಂಪಣಿ ಬಲೆಯ ವ್ಯವಹಾರವೆಲ್ಲ ಅವರ ಮಾತಿನಂತೆ ನಡೆಯುತ್ತಿತ್ತು. ರಂಪಣಿ ಎಂದರೆ ಆನೆಯನ್ನೂ ಸುತ್ತಿ ಎಳೆಯುವಷ್ಟು ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರಿಗೆ ಊರೇ ಎಳೆಯಬೇಕು. ಈ ತಗಡು ಎಲ್ಲಿಂದ ಬಂತು ಎಂದು ತುಳುವಿನಲ್ಲಿ ಕೇಳಿದೆ. ಅವರು ಅಡಗಿಸಲಿಲ್ಲ.

“ರಂಪಣಿಯಲ್ಲಿ ಬಂಗುಡೆಯೊಟ್ಟಿಗೆ ಬಂತು. ಬಲೆ ಹರಿಯಿತು. ಇದು ನನ್ನ ಪಾಲು.”

ಪೊಲೀಸರಿಗೆ ಇಲ್ಲ ಎಂದು ಯಾಕೆ ಹೇಳಿದಿರಿ ಎಂದೆ.

“ಅವರು ಟ್ಯಾಂಕು ಕೇಳಿದ್ದು. ಟ್ಯಾಂಕು ಎಲ್ಲಿ ಉಂಟು ಮಾರಾಯ? ಅದು ಅದೇ ದಿನ ಪಾಲಾಯಿತು.”

ರಂಪಣಿಗೆ ಬಂದದ್ದು ಯಾವುದೇ ಇರಲಿ, ಹಗ್ಗ ಎಳೆದವರಿಗೆಲ್ಲ ಹಂಚಬೇಕು. ಬಲೆಗೊಂದು ಪಾಲು, ದೋಣಿಗೊಂದು, ದೇವಸ್ಥಾನಕ್ಕೊಂದು, ಗಂಡನಿಲ್ಲದ ಹೆಂಗಸರಿಗೆ ಎಳೆಯದಿದ್ದರೂ ಒಂದು. ಹಿಂದೊಮ್ಮೆ ತೇಲಿಬಂದ ತೇಗದ ದಿಮ್ಮಿಯನ್ನು ಹೀಗೇ ಗರಗಸದಲ್ಲಿ ಕೊಯ್ದು ಹಂಚಿದ್ದರಂತೆ. ಟ್ಯಾಂಕನ್ನೂ ಕೊಡಲಿ, ಉಳಿ, ಸುತ್ತಿಗೆ ಹಾಕಿ ಬಿಡಿಸಿ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಆಗದ ಹಾಗೆ ಹಂಚಿದ್ದರು. ತೊಲೆಯನ್ನು ಎಂತ ಮಾಡಿದಿರಿ ಎಂದು ಕೇಳಿದೆ. ಅದನ್ನೂ ಬಿಡಿಸಿದೆವು, ಗಟ್ಟಿ ಇತ್ತು, ಬಹಳ ಹೊಡೆಯಬೇಕಾಯಿತು ಎಂದರು. ಸುತ್ತಿಗೆಯ ಕೆಳಗಿದ್ದ ತೋಟೆ ನೆನಪಾಯಿತು.

ಅದೆಲ್ಲ ತಿರುಗಿ ಬೇಕಿತ್ತು ಎಂದೆ. ಗುರಿಕಾರರು ತಲೆಯಾಡಿಸಿದರು. ಕೊಟ್ಟ ಪಾಲನ್ನು ತಿರುಗಿ ಕೇಳುವ ಕ್ರಮ ಅವರಲ್ಲಿಲ್ಲ. ಪಾಲಿಗೆ ಪಾಲು ಕೊಟ್ಟು ಬದಲಿಸಿಕೊಳ್ಳಬಹುದು, ಅಷ್ಟೇ. ಪಾಲು ಬೇಕಾದರೆ ಹಗ್ಗ ಎಳೆಯಬೇಕು.

ಉಡುಪಿಗೆ ಹಿಂದಿರುಗುವಾಗ ಜೀಪಿನಲ್ಲಿ ಅಧಿಕಾರಿಗಳಿಗೂ ನನಗೂ ಜಗಳವೇ ಆಯಿತು ಎನ್ನಬೇಕು. ಪೊಲೀಸರನ್ನು ಕರೆಸಿ ಮನೆಗಳನ್ನು ಜಾಲಾಡಿಸೋಣ ಎಂದು ಅವರು. ಮೊದಲ ಮನೆಯ ಬಾಗಿಲಿಗೆ ಲಾಠಿ ತಾಗಿದ ಕೂಡಲೆ ಉಳಿದ ಮನೆಗಳ ತುಂಡುಗಳು ಸಮುದ್ರಕ್ಕೆ ಹೋಗುತ್ತವೆ ಎಂದು ನಾನು. ಅದನ್ನು ಅವರು ಒಪ್ಪಿದರು. ಆದರೆ ತೋಟೆಯ ವಿಷಯ ಮಾತ್ರ ಎತ್ತಬಾರದು ಎಂದರು. ಮದ್ದು ಎಂಬ ಶಬ್ದ ಕೇಳಿದರೂ ಜನ ಹೆದರಿ ಬೀಗವನ್ನು ನೀರಿಗೆ ಎಸೆಯುತ್ತಾರೆ, ಅಲ್ಲಿಗೆ ಹುಡುಗನ ಕಥೆ ಮುಗಿಯಿತು. ಅವರ ಮಾತು ತಪ್ಪೇನಲ್ಲ. ಆದರೆ ಹುಡುಗ ಹೇಳಿದ್ದು ನಿಜವಾದರೆ ಸಿಡಿಯದ ತೋಟೆ ಈಗ ಯಾರದೋ ಅಡುಗೆಮನೆಯಲ್ಲಿದೆ. ಅವನಿಗೆ ಒಳ್ಳೆಯದಾಗಲಿ ಎಂದು ನಾನು ಹಾರೈಸಿದಷ್ಟೂ ಆ ಮನೆಗೆ ಕೆಟ್ಟದ್ದನ್ನು ಹಾರೈಸಿದ ಹಾಗೆ. ಇದನ್ನು ಹೇಳಿದೆ. ತೋಟೆ ಆಗಲೇ ಸಿಡಿದಿರಬಹುದು ಎಂದರು ಅವರು.

“ಆ ಶಬ್ದ ನಮ್ಮಲ್ಲಿ ನಡೆಯುವುದಿಲ್ಲ, ಸರ್. ನನಗೆ ಕಲಿಸಿದ್ದು ನಿಮ್ಮಂಥವರೇ.”

ಹೇಳಿದ ಮೇಲೆ ನನಗೇ ಭಯವಾಯಿತು. ಬಂಗಲೆ ಬಂದಾಗ ಅವರು, ನಾಳೆ ಹಗ್ಗ ಎಳೆಯೋಣ, ಉಳಿದದ್ದು ಆಮೇಲೆ ಎಂದು ಇಳಿದುಹೋದರು.

ಮರುದಿನ ರಂಪಣಿ ಬಿಡುವ ದಿನ. ಸಮುದ್ರ ತಿಳಿಯಾಗಿತ್ತು. ದೋಣಿ ಬಲೆ ಬಿಟ್ಟು ಬಂದ ಕೂಡಲೆ ನಾನು ಪ್ಯಾಂಟು ಮಡಚಿ ಹಗ್ಗಕ್ಕೆ ಕೈ ಹಾಕಿದೆ. ಜನ ನಕ್ಕರು. ಅಧಿಕಾರಿಗಳು ಸ್ವಲ್ಪ ಹೊತ್ತು ನೋಡಿ, ಬೂಟು ಬಿಚ್ಚಿ ಜೀಪಿನ ಕೆಳಗೆ ಸಾಲಾಗಿ ಇಟ್ಟು, ನನ್ನ ಹಿಂದೆ ಬಂದು ನಿಂತರು. ಆಗ ಯಾರೂ ನಗಲಿಲ್ಲ. ಹಗ್ಗ ಎಳೆಯುವುದು ಕೈಯ ಕೆಲಸ ಎಂದು ತಿಳಿದಿದ್ದೆ, ಅದು ಸೊಂಟದ ಕೆಲಸ. ಹಿಂದಕ್ಕೆ ವಾಲಿ, ಹೆಜ್ಜೆ ಊರಿ, ಪದ ಹೇಳುವವನ ದನಿಗೆ ಸರಿಯಾಗಿ ಒಟ್ಟಿಗೆ ಎಳೆಯಬೇಕು. ತೆಂಗಿನ ನಾರು ಅಂಗೈಯ ಚರ್ಮ ಕಿತ್ತುಕೊಂಡು ಹೋಯಿತು. ಬಲೆ ದಡಕ್ಕೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬಲೆಯೊಳಗೆ ಬಂಗುಡೆ ಮೀನು ಬೆಳ್ಳಗೆ ಕುದಿಯುತ್ತಿತ್ತು.

ಮರಳಿನ ಮೇಲೆ ಪಾಲುಗಳನ್ನು ಗುಡ್ಡೆ ಹಾಕಿದರು. ಗುರಿಕಾರರು ನಮ್ಮಿಬ್ಬರಿಗೂ ಒಂದೊಂದು ಗುಡ್ಡೆ ತೋರಿಸಿದರು, ಉಳಿದವರದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಾನು ಗುಡ್ಡೆಯ ಪಕ್ಕದಲ್ಲಿ ನಿಂತು ಮಾತಾಡಿದೆ. ನಮ್ಮ ಈ ಪಾಲನ್ನು ಕೊಡುತ್ತೇವೆ, ನಿಮ್ಮ ತಗಡಿನ ಪಾಲನ್ನು ಕೊಡಿ ಎಂದೆ. ಒಬ್ಬ ಹುಡುಗನ ಬದುಕು ಅದರಲ್ಲಿದೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ಆಜ್ಞೆ ಅಷ್ಟೇ ಇತ್ತು. ಎದುರಿಗೆ ಒಬ್ಬಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಅವಳನ್ನು ನೋಡಿ ನಾನು ನಿಲ್ಲಿಸಲಿಲ್ಲ. ಇಟ್ಟಿಗೆಯಂಥ ಉಕ್ಕಿನ ತುಂಡೊಂದು ಉಂಟು, ಅದರೊಳಗೆ ಮದ್ದು ಇದ್ದರೆ ಇನ್ನೂ ಜೀವಂತ ಉಂಟು, ಒಲೆಯ ಹತ್ತಿರ ಇಡಬೇಡಿ, ಹೊಡೆಯಬೇಡಿ, ನೀರಿಗೂ ಎಸೆಯಬೇಡಿ, ನನ್ನನ್ನು ಕರೆಯಿರಿ, ನಾನೇ ಬಂದು ತೆಗೆಯುತ್ತೇನೆ ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಆ ತಾಯಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

“ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದು ಗುರಿಕಾರರು ಕೇಳಿದರು.

“ಹೇಳಬಾರದು ಅಂತ ಇತ್ತು. ಇವತ್ತು ಹೇಳಿದೆ.”

ಅಧಿಕಾರಿಗಳಿಗೆ ತುಳು ಬಾರದು, ಆದರೆ ಮುಖಗಳನ್ನು ಓದಲು ಬರುತ್ತಿತ್ತು. ನನ್ನ ಕಡೆ ತಿರುಗಿ, ಹೇಳಿಬಿಟ್ಟೆಯಾ ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ. ಅವರು ಸಮುದ್ರದ ಕಡೆ ನೋಡಿದರು, ಯಾರಾದರೂ ಏನಾದರೂ ಎಸೆಯಲು ಓಡುತ್ತಾರೋ ಎಂದು. ಯಾರೂ ಓಡಲಿಲ್ಲ. ಗುರಿಕಾರರು ತಮ್ಮ ಹಿತ್ತಲಿಗೆ ಹೋಗಿ ಕೋಳಿಗೂಡಿನ ಬಾಗಿಲನ್ನು ಕಿತ್ತು ತಂದು ನನ್ನ ಕಾಲ ಬಳಿ ಇಟ್ಟರು. ನಮ್ಮ ಗುಡ್ಡೆಯಿಂದ ಒಂದು ಬಂಗುಡೆ ಎತ್ತಿಕೊಂಡರು. ಪಾಲಿಗೆ ಪಾಲು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಬಚ್ಚಲಿನ ಮರೆಗೆ ಕಟ್ಟಿದ ತಗಡು, ದನದ ಬಾನಿಯಾಗಿದ್ದ ಟ್ಯಾಂಕಿನ ಮೂತಿ, ಬಾವಿಯ ದಂಡಿಗೆಗೆ ಸೇರಿದ್ದ ಕೊಳವೆ. ಕೊಟ್ಟವರೆಲ್ಲ ಒಂದೊಂದು ಮೀನು ತೆಗೆದುಕೊಂಡರು, ಎರಡನ್ನು ಯಾರೂ ಮುಟ್ಟಲಿಲ್ಲ. ನಾನು ಮರಳಿನ ಮೇಲೆ ತೊಲೆಯ ಆಕಾರವನ್ನು ಕಡ್ಡಿಯಿಂದ ಬರೆದು, ನಮ್ಮ ಸ್ಪ್ಯಾನರ್ ಹಲಗೆಯ ಹಾಗೆ ತುಂಡುಗಳನ್ನು ಅವುಗಳ ಜಾಗದಲ್ಲಿ ಜೋಡಿಸುತ್ತಾ ಹೋದೆ. ಕೊನೆಗೆ ನಡುವೆ ಇಟ್ಟಿಗೆಯಷ್ಟು ಜಾಗ ಖಾಲಿ ಉಳಿಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಅದು ಯಾರ ಪಾಲು ಎಂದು ನೆನಪು ಮಾಡಿಕೊಂಡದ್ದು ಗುರಿಕಾರರೇ. ಗಂಡನಿಲ್ಲದ ಒಬ್ಬ ಮೀನು ಮಾರುವ ಹೆಂಗಸಿನದು. ಆಕೆ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗುವವಳು. ಇವತ್ತು ಬುಟ್ಟಿಯಲ್ಲಿ ಆ ಕಬ್ಬಿಣವನ್ನೂ ಇಟ್ಟುಕೊಂಡಿದ್ದಳಂತೆ. ಒಳ್ಳೆಯ ಉಕ್ಕು, ಕಾರ್ಕಳದ ಆಚಾರಿಯ ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಮಾಡಿಸುತ್ತೇನೆ ಎಂದು ಎಲ್ಲರಿಗೂ ಹೇಳಿ ಹೋಗಿದ್ದಳು.

ಆಚಾರಿ ಎಂದರೆ ಕುಲುಮೆ. ಕುಲುಮೆ ಎಂದರೆ ಬೆಂಕಿ.

ಜೀಪನ್ನು ಅಧಿಕಾರಿಗಳೇ ಓಡಿಸಿದರು, ಬರಿಗಾಲಲ್ಲಿ. ಬೂಟು ಮರಳಿನಲ್ಲೇ ಉಳಿಯಿತು. ಉಚ್ಚಿಲ, ಪಡುಬಿದ್ರಿ, ಅಲ್ಲಿಂದ ಒಳದಾರಿ ಹಿಡಿದು ಬೆಳ್ಮಣ್ಣು, ನಿಟ್ಟೆ. ಕುಲುಮೆಯಲ್ಲಿ ಕಾಯಲು ಎಷ್ಟು ಹೊತ್ತು ಬೇಕು ಎಂದು ಅವರು ಒಮ್ಮೆ ಕೇಳಿದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಹೊಲಗಳಲ್ಲಿ ಪೈರು ಹಣ್ಣಾಗಿ ಬಾಗಿತ್ತು. ನಾನು ಸಣ್ಣವನಿದ್ದಾಗ ಕಲಿತ ಜಪಗಳನ್ನೆಲ್ಲ ಕೊಂಕಣಿಯಲ್ಲಿ ಹೇಳಿಕೊಂಡೆ. ಆ ಹೆಂಗಸಿಗೆ ಏನಾದರೂ ಆದರೆ ಹುಡುಗ ನಿರಪರಾಧಿ ಎಂದು ಗೊತ್ತಾಗಿಯೂ ಏನು ಬಂತು ಎಂದುಕೊಂಡೆ.

ಕುಲುಮೆಯನ್ನು ಹುಡುಕಬೇಕಾಗಲಿಲ್ಲ. ಆಕೆಯ ಗಂಟಲು ರಸ್ತೆಗೇ ಕೇಳುತ್ತಿತ್ತು. ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ, ಮೀನು ಹಾಳಾಗುತ್ತದೆ, ನನ್ನದನ್ನು ಮೊದಲು ಮಾಡಿಕೊಡು ಎಂದು ಆಕೆ. ಕೊಯ್ಲಿನ ಕತ್ತಿಗಳ ರಾಶಿಯ ನಡುವೆ ಕೂತ ಆಚಾರಿ, ಗದ್ದೆ ಕಾಯುವುದಿಲ್ಲ, ಇವೆಲ್ಲ ಮುಗಿದ ಮೇಲೆಯೇ ನಿನ್ನದು ಎಂದು. ಅವನು ಹಟಮಾರಿಯಾಗಿದ್ದದ್ದಕ್ಕೆ ನಾನು ದೇವರಿಗೆ ಕೃತಜ್ಞತೆ ಹೇಳಿದೆ. ತನ್ನದನ್ನು ಮರೆಯದಿರಲಿ ಎಂದು ಆಕೆ ಬೀಗವನ್ನು ಬೆಂಕಿಯ ಪಕ್ಕದ ಕಲ್ಲಿನ ಮೇಲೆ, ಅವನ ಕಣ್ಣೆದುರೇ ಇಟ್ಟಿದ್ದಳು. ನಾನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಸುಡುತ್ತಿರಲಿಲ್ಲ. ಬೆಚ್ಚಗಿತ್ತು.

ಎಲ್ಲರನ್ನೂ ದೂರ ನಿಲ್ಲಿಸಿ, ಅದನ್ನು ಆಚೆಯ ಖಾಲಿ ಗುಡ್ಡಕ್ಕೆ ಒಯ್ದು ಕೂತೆ. ಅದು ಪೂರ್ತಿ ಆರುವ ತನಕ ಮುಟ್ಟಲಿಲ್ಲ. ತೋಟೆಯ ಕೋಣೆಯ ಮುಚ್ಚಳ ಉಪ್ಪುನೀರಿಗೆ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಹನಿಸಿ, ಕಾದು, ಒಂದು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಹನಿಸಿ, ಮತ್ತೆ ಕಾದು ಬಿಚ್ಚಿದೆ. ಸುಲಿದ ಅಂಗೈಗೆ ಎಣ್ಣೆ ತಾಗಿ ಉರಿಯುತ್ತಿತ್ತು. ಮುಚ್ಚಳ ಬಂತು. ಒಳಗೆ ಮಸಿ ಇಲ್ಲ. ತೋಟೆ ಹೊಸದರ ಹಾಗೆ ಇಡಿಯಾಗಿ ಕೂತಿತ್ತು. ಅದನ್ನು ಹೊರಗೆ ತೆಗೆದು ನಾವು ತಂದಿದ್ದ ಮರದ ಪೆಟ್ಟಿಗೆಯಲ್ಲಿ ಭದ್ರ ಮಾಡಿದೆ. ಆಮೇಲೆ ಬೀಗದ ನಾಲಗೆಯನ್ನು ಬೆರಳಲ್ಲಿ ಸವರಿದೆ. ಹರಿತವಾಗಿರಬೇಕಾದ ಅಂಚು ಹಳೆಯ ಸಾಬೂನಿನ ಬಿಲ್ಲೆಯಂತೆ ಸವೆದು ದುಂಡಗಾಗಿತ್ತು. ಅಧಿಕಾರಿಗಳನ್ನು ಕರೆದು ತೋರಿಸಿದೆ. ಅವರೂ ಬೆರಳಿಟ್ಟು ನೋಡಿದರು.

“ಹುಡುಗ ಸುಳ್ಳು ಹೇಳಿರಲಿಲ್ಲ,” ಎಂದರು.

ನನಗೆ ಅಳು ಬಂತು, ಅತ್ತೆ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಆಕೆಗೆ ವಿಷಯ ತಿಳಿಸುವುದು ಬಾಕಿ ಇತ್ತು. ತಿಳಿಸಿದೆ. ಆಕೆ ಕಿರುಚಲಿಲ್ಲ, ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಒಳಗೆ ಮದ್ದು ಉಂಟು ಅಂತ ನಿಮಗೆ ಗೊತ್ತಿತ್ತು ಅಲ್ವಾ? ಮತ್ತೆ ನಮ್ಮ ತಲೆಯ ಮೇಲೆ ಯಾಕೆ ಹಾಕಿದ್ದು?”

ಯಾಕೆ ಬಿತ್ತೆಂದು ತಿಳಿಯಲಿಕ್ಕೇ ಬಂದದ್ದು, ಈಗ ತಿಳಿಯಿತು, ಪೂರ್ತಿ ತಿಳಿದ ಮೇಲೆ ಬಂದು ಹೇಳುತ್ತೇನೆ ಎಂದೆ. ಪಾಲಿಗೆ ಪಾಲು ಎಂದು, ಹೊರಡುವಾಗ ಜೀಪಿಗೆ ಹಾಕಿಕೊಂಡಿದ್ದ ಬಂಗುಡೆಯನ್ನು ಮುಂದೆ ಮಾಡಿದೆ. ಆಕೆ ಮೊದಲ ಸಲ ನಕ್ಕಳು. ಮೀನು ಮಾರುವವಳಿಗೆ ಮೀನು ಕೊಡುವ ಗಂಡಸನ್ನು ಇವತ್ತೇ ನೋಡಿದ್ದು, ನನಗೆ ಬೇಕಾದ್ದು ಕತ್ತಿ ಎಂದಳು. ಸರಿ, ಕತ್ತಿ ತರುತ್ತೇನೆ ಎಂದೆ.

ವಿಚಾರಣೆ ಬೀಗದ ಮುಂದೆ ಹೆಚ್ಚು ಹೊತ್ತು ನಡೆಯಲಿಲ್ಲ. ನಿಂತಿದ್ದ ವಿಮಾನಗಳ ಬೀಗಗಳನ್ನೆಲ್ಲ ಬಿಚ್ಚಿಸಿದರು. ಇನ್ನೊಂದು ವಿಮಾನದಲ್ಲೂ ನಾಲಗೆ ಹಾಗೆಯೇ ಸವೆದಿತ್ತು. ಅದು ಹಾರದೆ ನಿಂತಿದ್ದದ್ದು ಯಾರ ಪುಣ್ಯವೋ. ಅಂದಿನಿಂದ ಪ್ರತಿ ಬೀಗದ ಅಂಚನ್ನು ಅಳೆಯುವ ಕೆಲಸ ನಮ್ಮ ದಿನಚರಿಗೆ ಸೇರಿತು. ಹುಡುಗ ಮತ್ತೆ ವಿಮಾನ ಹತ್ತಿದ ಬೆಳಿಗ್ಗೆ ಕೆಂಪು ಪಟ್ಟಿಯ ಪಿನ್ನುಗಳನ್ನು ಎತ್ತಿ ಹಿಡಿದದ್ದು ನಾನೇ. ಆಜ್ಞೆ ಮೀರಿದ್ದಕ್ಕೆ ಅಧಿಕಾರಿಗಳು ನನ್ನನ್ನು ಕರೆದು ಗದರಿಸಿದರು, ಗದರಿಸಿದ ಮೇಲೆ ನಮ್ಮ ಕಾರ್ಯಾಗಾರದಲ್ಲಿ ಒಂದು ಮೀನಿನ ಕತ್ತಿ ಮಾಡಿಸಲು ತಾವೇ ಅಪ್ಪಣೆ ಕೊಟ್ಟರು.

ಕ್ರಿಸ್ಮಸ್ ರಜೆಯಲ್ಲಿ ಕತ್ತಿ ಹಿಡಿದು ಕಾಪುವಿಗೆ ಹೋದೆ. ಆಕೆ ಅಂಗಳದಲ್ಲಿ ಕೂತು ಅದನ್ನು ಮೊದಲು ಉಗುರಿನ ಮೇಲೆ, ಆಮೇಲೆ ಒಂದು ಅಂಜಲ ಮೀನಿನ ಮೇಲೆ ಪರೀಕ್ಷೆ ಮಾಡಿದಳು. ಅಡ್ಡಿಯಿಲ್ಲ ಎಂದಳು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬೀಗ ಸವೆದದ್ದು, ಹುಡುಗ ಮುಚ್ಚಳ ತೆರೆದದ್ದು, ಕೆಳಗೆ ದೋಣಿ ಕಂಡು ಇನ್ನೊಂದು ಟ್ಯಾಂಕನ್ನು ಬೀಳಿಸದೆ, ವಾಲುವ ವಿಮಾನವನ್ನು ಹಾಗೆಯೇ ಎಳೆದುಕೊಂಡು ಹೋದದ್ದು. ಮೀನು ಕೊಯ್ಯುತ್ತಿದ್ದ ಕತ್ತಿ ನಿಂತಿತು.

“ಆ ದಿನ ನಮ್ಮ ರಂಪಣಿಯ ದೋಣಿ ಹೊರಗೆ ಇತ್ತು,” ಎಂದಳು. ಮತ್ತೆ ಕೊಯ್ಯತೊಡಗಿ, “ಇನ್ನು ಬೀಳುವುದಿಲ್ಲ ಅಲ್ವಾ?”

“ಆ ಬೀಗ ಸವೆದು ಬೀಳುವುದಿಲ್ಲ.”

“ಅಷ್ಟೇ ಹೇಳಿದ್ದು ಒಳ್ಳೆಯದಾಯಿತು. ಬೀಳುವುದೇ ಇಲ್ಲ ಅಂದಿದ್ದರೆ ನಂಬುತ್ತಿರಲಿಲ್ಲ.”

ಹೊರಡುವಾಗ ಬಾಳೆಲೆಯಲ್ಲಿ ಕಟ್ಟಿದ ಒಣ ಬಂಗುಡೆಯ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. ನನಗೆಂದು ತಿಳಿದು ಕೃತಜ್ಞತೆ ಹೇಳಲು ಹೋದೆ. ಇದು ನಿಮಗಲ್ಲ, ಆ ಹುಡುಗನ ಪಾಲು ಎಂದಳು.

ರೈಲಿನಲ್ಲಿ ಇಡೀ ಡಬ್ಬಿಯವರು ನನ್ನನ್ನು ಶಪಿಸಿದರು. ನಮ್ಮ ವಾಯುಪಡೆಯ ನಿಲ್ದಾಣಕ್ಕೆ ಬಂದು ಹುಡುಗನಿಗೆ ಪೊಟ್ಟಣ ಕೊಟ್ಟು ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂದು ತಿಳಿಸಿದೆ. ಅವನು ಹುಟ್ಟಿನಿಂದ ಮೀನು ಮಾಂಸ ಮುಟ್ಟದವನು. ವಾಸನೆಗೆ ಮುಖ ಕಿವಿಚಿ, ನೀವೇ ಇಟ್ಟುಕೊಳ್ಳಿ ಎಂದ. ಕೊಟ್ಟ ಪಾಲನ್ನು ತಿರುಗಿಸುವ ಕ್ರಮ ಅವರಲ್ಲಿಲ್ಲ ಎಂದೆ. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.